ಶನಿವಾರ ಐದು ಗಂಟೆಯ ಅಪ್ಪ

ಯಾವ ಕೆಲಸಕ್ಕೂ ಬದಲಿ ಆಳು ಸಿಗುತ್ತಾನೆ ಎಂದು ನಾನು ಬಹಳ ವರ್ಷ ನಂಬಿದ್ದೆ. ನಂಬದೆ ಏನು ಮಾಡಲಿ? ಪಣಜಿಯ ಸುತ್ತಮುತ್ತ ಏಳುವ ಕಟ್ಟಡಗಳಲ್ಲಿ ಸೂಪರ್‌ವೈಸರ್ ಎಂಬ ಹೆಸರಿನಲ್ಲಿ ಹನ್ನೆರಡು ವರ್ಷದಿಂದ ನಿಂತಿರುವವನು ನಾನು. ನಿಂತಿರುವುದು ಎಂದರೆ ನಿಜವಾಗಿಯೂ ನಿಂತಿರುವುದು. ಕೆಲಸ ಮಾಡುವವರು ಬೇರೆ ಇದ್ದಾರೆ. ವಿಜಾಪುರದ ಕಡೆಯ ಹಳ್ಳಿಯಿಂದ ಬಿ.ಎ. ಮುಗಿಸಿಕೊಂಡು, ಗೋವೆಯಲ್ಲಿ ಯಾವುದೋ ಆಫೀಸು ನನಗಾಗಿ ಕುರ್ಚಿ ಒರೆಸಿಟ್ಟು ಕಾಯುತ್ತಿದೆ ಎಂದುಕೊಂಡು ಬಂದೆ. ಕುರ್ಚಿ ಸಿಗಲಿಲ್ಲ, ಹೆಲ್ಮೆಟ್ ಸಿಕ್ಕಿತು. ಆದರೂ ಬಿ.ಎ. ಸುಮ್ಮನೆ ಹೋಗಲಿಲ್ಲ: ಉಳಿದವರ ಹೆಲ್ಮೆಟ್ ಹಳದಿ, ನನ್ನದು ಬಿಳಿ. ಆ ಬಿಳಿಯ ಬಣ್ಣ ತಲೆಯೊಳಗೂ ಸ್ವಲ್ಪ ಇಳಿದಿದೆ ಎಂದು ನನ್ನ ಹೆಂಡತಿ ಸುಮಂಗಲಾ ಹೇಳುತ್ತಾಳೆ. ಇರಬಹುದು.

ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ಆಳಿಗೆ ಒಂದು ದಿನ ಬರಲಾಗದಿದ್ದರೆ ತನ್ನ ಜಾಗಕ್ಕೆ ತಮ್ಮನನ್ನೋ ಭಾವಮೈದುನನನ್ನೋ ಪಕ್ಕದ ಮನೆಯವನನ್ನೋ ಕಳಿಸುತ್ತಾನೆ. ಅವನೇ ಬದಲಿ. ಹೆಸರು ಅವನದು, ಬೆವರು ಇವನದು. ಕಾಂಕ್ರೀಟಿಗೆ ಮುಖ ಗುರುತಾಗುವುದಿಲ್ಲ, ತಲೆ ಎಣಿಸುವ ನನಗೂ ಅಷ್ಟೇ. ಒಮ್ಮೆ ಬಸಪ್ಪ ಎಂಬವನು ತಂಗಿಯ ಮದುವೆಗೆ ಊರಿಗೆ ಹೋಗುವಾಗ ಮಲ್ಲಪ್ಪನನ್ನು ಬದಲಿಗೆ ಕೊಟ್ಟ. ಮದುವೆ ಎರಡು ದಿನದ್ದು, ಬಸಪ್ಪ ಬಂದದ್ದು ಒಂದು ತಿಂಗಳ ಮೇಲೆ. ಅಷ್ಟರಲ್ಲಿ ನಾವು ಮಲ್ಲಪ್ಪನನ್ನೇ "ಬಸಪ್ಪಾ" ಎಂದು ಕೂಗಿ, ಅವನೂ ಓಗೊಟ್ಟು, ಎಲ್ಲರಿಗೂ ಅದೇ ರೂಢಿಯಾಗಿತ್ತು. ಖರೇ ಬಸಪ್ಪ ಎದುರಿಗೆ ಬಂದು ನಿಂತರೆ ನಾನು, "ಹೊಸಬನೇನು? ಹೆಸರೇನೋ ನಿಂದು?" ಎಂದು ಕೇಳಿದೆ. ಅವನು ಎರಡು ದಿನ ನನ್ನೊಡನೆ ಮಾತು ಬಿಟ್ಟ. ಇಷ್ಟಕ್ಕೆಲ್ಲ ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆಯೇ ಎಂದು ನಾನು ಆಗ ನಕ್ಕಿದ್ದೆ.

ಇಂಥ ನನ್ನ ಮನೆಗೆ ಸಂಗೀತ ಬಂದದ್ದು ಹಳೆಯ ಬಟ್ಟೆ ಬರುವ ದಾರಿಯಲ್ಲಿ. ಸುಮಂಗಲಾ ದೋನಾ ಪಾವ್ಲಾದ ಒಂದು ಫ್ಲ್ಯಾಟಿನಲ್ಲಿ ಮಗು ನೋಡಿಕೊಳ್ಳುತ್ತಾಳೆ. ಅಲ್ಲಿಯ ಮ್ಯಾಡಮ್ಮಿನ ಮಗನಿಗೆ ಅಂಗಿ ಬಿಗಿಯಾದರೆ, ಚಪ್ಪಲಿ ಚಿಕ್ಕದಾದರೆ, ಆಟಿಕೆಯ ಒಂದು ಗಾಲಿ ಬಿದ್ದರೆ ಅವು ಚೀಲದಲ್ಲಿ ಕೂತು ಚಿಂಬಲ್‌ನ ನಮ್ಮ ಓಣಿಗೆ ಬರುತ್ತವೆ. ಈ ಸಲ ಆ ಮಗುವಿಗೆ ಸಂಗೀತ ಬಿಗಿಯಾಯಿತು. ಫೋನಿನಲ್ಲಿ ನಡೆಯುವ ಕುಟುಂಬ ಸಂಗೀತ ತರಗತಿಗೆ ಸೇರಿಸಿದ್ದರಂತೆ. ಅವನಿಗೆ ಬೇಸರ ಬಂತು, ಈಜಿಗೆ ಹಾಕಿದರು, ಎಂಟು ಪಾಠ ಉಳಿದವು. ಉಳಿದ ಅನ್ನವನ್ನೇ ಕೊಟ್ಟು ಕಳಿಸುವ ಮನೆ, ಉಳಿದ ಸಂಗೀತವನ್ನು ಬಿಸಾಡುತ್ತಾರೆಯೇ? ಟೀಚರಿಗೆ ಹೇಳಿ ನಮ್ಮ ಚೈತೂನ ಹೆಸರು ಬರೆಸಿದರು. ಚೈತೂ ಎಂದರೆ ನಮ್ಮ ಮಗಳು ಚೈತ್ರಾ, ನಾಲ್ಕೂವರೆ ವರ್ಷ. ನಾವು ಇಡೀ ಮನೆಯವರೇ ಒಂದು ಮನೆಯ ಬದಲಿಯಾಗಿ ಸೇರಿದೆವು ಎಂಬುದು ಆಗ ನನಗೆ ಹೊಳೆದಿದ್ದರೆ ಮುಂದಿನ ಪಾಪದಲ್ಲಿ ಅರ್ಧವನ್ನಾದರೂ ಆ ಫ್ಲ್ಯಾಟಿನ ಮೇಲೆ ಹಾಕಬಹುದಿತ್ತು.

ಮಗಳಿಗೆ ಸಂಗೀತ ಬೇಕಿರಲಿಲ್ಲ ಎಂದಲ್ಲ. ಬೆಳಿಗ್ಗೆ ಸೈಕಲ್ಲಿನ ಮೇಲೆ ಪಾವು ಮಾರುವ ಪೊದೇರ್ ಹಾರ್ನ್ ಒತ್ತಿದರೆ ಹಾಸಿಗೆಯಲ್ಲೇ "ಪೋಂ ಪೋಂ" ಎಂದು ಶುರು ಮಾಡುವವಳು, ಸಂಜೆಯವರೆಗೆ ನಿಲ್ಲಿಸುತ್ತಿರಲಿಲ್ಲ. ಮೀನಿನವಳ ಕೂಗು, ನೀರಿನ ಟ್ಯಾಂಕರ್ ಹಿಂದಕ್ಕೆ ಬರುವಾಗಿನ ಪೀಂ ಪೀಂ, ಸುಮಂಗಲಾ ರೊಟ್ಟಿ ಬಡಿಯುವಾಗ ಗುನುಗುವುದು, ಎಲ್ಲವೂ ಅವಳ ಬಾಯಲ್ಲಿ ಕಲಸಿಕೊಂಡು ಬರುತ್ತಿದ್ದವು. ಕೊಂಕಣಿಯೋ ಕನ್ನಡವೋ ಹಿಂದಿಯೋ ಆ ಹಾಡಿಗೇ ಗೊತ್ತಿರಲಿಲ್ಲ. ಅದನ್ನು ಹಾಡು ಎಂದು ನಾನು ಯಾವತ್ತೂ ಅಂದುಕೊಂಡಿರಲಿಲ್ಲ. "ಏಯ್, ಸ್ವಲ್ಪ ಸುಮ್ಮಕ ಕೂಡು" ಎಂದು ಗದರುವ ವಸ್ತು ಅದು. ತರಗತಿ ಎಂದು ಹೆಸರು ಬಂದ ಮೇಲೆ ಮಾತ್ರ ನನಗೆ ಕಲೆಯ ಮೇಲೆ ಗೌರವ ಹುಟ್ಟಿತು. ಬಿ.ಎ. ಮಾಡಿದವರ ರೋಗ ಇದು.

ಮೊದಲು ಒಂದು ಸೂಚನೆಗಳ ಹಾಳೆ ಬಂತು. ಇಂಗ್ಲಿಷಿನಲ್ಲಿತ್ತು, ನಾನು ಕನ್ನಡಕ್ಕೆ ಇಳಿಸಿ, ಚೆಂದದ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಮಗುವಿಗೆ ಮನೆಯಲ್ಲಿ ಒಂದು ಶಾಂತವಾದ ಮೂಲೆ ಇರಲಿ, ಕುಣಿಯಲು ಪೀಠೋಪಕರಣಗಳನ್ನು ಸರಿಸಿ ಜಾಗ ಮಾಡಿ, ಹಾಡು ಎಂದು ಒತ್ತಾಯಿಸಬೇಡಿ, ತಪ್ಪನ್ನು ತಿದ್ದಬೇಡಿ, ನೀವು ಆನಂದಿಸಿದರೆ ಮಗುವೂ ಆನಂದಿಸುತ್ತದೆ. ನಮ್ಮದು ಹತ್ತಕ್ಕೆ ಹನ್ನೆರಡರ ಒಂದೇ ಖೋಲಿ. ಮೂಲೆಗಳು ನಾಲ್ಕು. ಒಂದರಲ್ಲಿ ಗ್ಯಾಸು, ಒಂದರಲ್ಲಿ ನೀರಿನ ಡ್ರಮ್, ಒಂದರಲ್ಲಿ ದೇವರು, ಇನ್ನೊಂದರಲ್ಲಿ ಬಾಗಿಲು. ಶಾಂತವಾದ ಮೂಲೆ ಬೇಕೆಂದರೆ ದೇವರನ್ನೇ ಎಬ್ಬಿಸಬೇಕು. ಪೀಠೋಪಕರಣ ಎಂದರೆ ಒಂದು ಮಂಚ. ಅದನ್ನು ಸರಿಸಲು ಮನೆಯೊಳಗೆ ಜಾಗವಿಲ್ಲದೆ ಓಣಿಗೆ ತೆಗೆದು ಹಾಕಿದೆ. ಓಣಿಯಲ್ಲಿ ಮಂಚ ಕಂಡರೆ ಕೂರದೆ ಇರುತ್ತಾರೆಯೇ? ಎದುರು ಮನೆಯ ದ್ಯಾಮವ್ವ ಕೂತಳು, ಅವಳ ಸೊಸೆ ಕೂತಳು, ನಾಲ್ಕು ಹುಡುಗರು ಹತ್ತಿ ನಿಂತರು. ನಮ್ಮ ಬಾಗಿಲು ಅವರಿಗೆ ನಾಟಕದ ಪರದೆಯಾಯಿತು.

ಮೊದಲ ಪಾಠಕ್ಕೆ ನಾನೇ ಕೂತೆ. ಪ್ರತಿ ಮಗುವಿನ ಜೊತೆ ಅಪ್ಪನೋ ಅಮ್ಮನೋ ಕೂತು ಹಾಡಬೇಕು, ಕುಣಿಯಬೇಕು ಎಂಬುದು ನಿಯಮ. ಸುಮಂಗಲಾಗೆ ಶನಿವಾರ ಆರರವರೆಗೆ ಮ್ಯಾಡಮ್ಮಿನ ಮನೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೆ, ವಾಚು ಕಟ್ಟಿಕೊಂಡೆ, ಡಬ್ಬಕ್ಕೆ ಫೋನು ಆನಿಸಿಟ್ಟು ಎದುರಿಗೆ ಚಕ್ಕಳಮಕ್ಕಳ ಹಾಕಿದೆ. ಹದಿಮೂರು ಮನೆಗಳು ಪುಟ್ಟ ಪುಟ್ಟ ಚೌಕಗಳಲ್ಲಿ ಕಂಡವು. ಒಂದರ ಹಿಂದೆ ಸಮುದ್ರ, ಒಂದರ ಹಿಂದೆ ಪಿಯಾನೊ, ಒಂದರ ಹಿಂದೆ ಮನುಷ್ಯನಿಗಿಂತ ಎತ್ತರದ ಕುಂಡದ ಗಿಡ. ನಮ್ಮ ಹಿಂದೆ ದ್ಯಾಮವ್ವ. ಲವೀನಾ ಟೀಚರು ಗಿಟಾರು ಹಿಡಿದು ಬಂದು ನಗುನಗುತ್ತಾ, ಇವತ್ತು ಎಲ್ಲ ಪಪ್ಪಾ ಮಮ್ಮಾಗಳು ಕೋಳಿಗಳು, ಕಾಲಿನಲ್ಲಿ ನೆಲ ಕೆದರಿ, ರೆಕ್ಕೆ ಬಡಿದು ಕೂಗಿ ಎಂದರು. ಉಳಿದ ಹನ್ನೆರಡು ಮನೆಯ ಅಪ್ಪಂದಿರು ಚಡ್ಡಿಯಲ್ಲಿ, ಬರಿಗಾಲಿನಲ್ಲಿ, ಹುಟ್ಟಿನಿಂದ ಕೋಳಿಗಳಾಗಿದ್ದವರ ಹಾಗೆ ಎದ್ದು ಕೆದರತೊಡಗಿದರು. ನಾನು ಕುಕ್ಕರಗಾಲಿನಲ್ಲಿ ಕೂತು, ಹಾಜರಿ ಕೂಗುವ ದನಿಯಲ್ಲಿ "ಕೊಕ್ಕೊಕ್ಕೋ" ಎಂದೆ. ಓಣಿಯ ಮಂಚ ಗೊಳ್ಳೆಂದು ನಕ್ಕಿತು.

ಅವಮಾನವಾದಾಗ ದೊಡ್ಡವರು ಮಾಡುವ ಕೆಲಸ ಒಂದೇ: ಚಿಕ್ಕವರನ್ನು ಗದರುವುದು. "ನೆಟ್ಟಗ ಕೂಡು. ಟೀಚರ್ ನೋಡಾಕತ್ತಾರ. ಚಪ್ಪಾಳಿ ಹೊಡಿ. ಹಂಗಲ್ಲ, ಹಿಂಗ" ಎಂದು ಅವಳ ಎರಡು ಕೈ ಹಿಡಿದು ನಾನೇ ತಟ್ಟಿಸಿದೆ. ಬೆಳಗಿನಿಂದ ಸಂಜೆಯವರೆಗೆ ಕೂಗುವ ಹುಡುಗಿ ಬಾಯಿ ಮುಚ್ಚಿಕೊಂಡಳು. ಮೆಲ್ಲಗೆ ಕೈ ಬಿಡಿಸಿಕೊಂಡು ಹೋಗಿ ನೀರಿನ ಡ್ರಮ್ಮಿನ ಹಿಂದೆ ಕೂತಳು. "ಹೊರಗ ಬಾ! ಕೂಗು ಅಂದ್ರ ಕೂಗಬೇಕು!" ಎಂದು ನಾನು ಅಬ್ಬರಿಸಿದೆ. ಮೇಲೆ ಗೋಡೆಯಲ್ಲಿ, ಒತ್ತಾಯಿಸಬೇಡಿ ಎಂದು ನನ್ನದೇ ಅಕ್ಷರ. ಟೀಚರು ಫೋನಿನೊಳಗಿಂದ, ಸಮಾಧಾನ, ಆನಂದಿಸಿ, ಆನಂದಿಸಿ ಎಂದು ಎರಡು ಸಲ ಹೇಳಿದರು. ಹದಿಮೂರು ಮನೆಗಳ ಮುಂದೆ ಆನಂದಿಸಲು ಆಜ್ಞೆ ಪಡೆದವನು ನಾನೊಬ್ಬನೇ ಇರಬೇಕು. ಕಡೆಗೆ ಅವರು ಇನ್ನೊಂದು ನಿಯಮ ಹೇಳಿದರು: ಮೂರು ಪಾಠ ತಪ್ಪಿದರೆ ಜಾಗ ಬೇರೆ ಮಗುವಿಗೆ ಹೋಗುತ್ತದೆ.

ಮುಂದಿನ ಶನಿವಾರ ನನಗೆ ಸ್ಲ್ಯಾಬು ಬಂತು. ಸ್ಲ್ಯಾಬು ಹಾಕುವ ದಿನ ಸೂಪರ್‌ವೈಸರ್ ಕದಲುವಂತಿಲ್ಲ; ಮಿಕ್ಸರ್ ತಿರುಗಲು ಶುರುವಾದರೆ ಮುಗಿಯುವವರೆಗೆ ನಿಂತಿರಬೇಕು. ಇದು ಸುಮಂಗಲಾಗೂ ಗೊತ್ತು. ಅದರ ಮುಂದಿನ ಶನಿವಾರವೂ ಸ್ಲ್ಯಾಬು, ಅದರಾಚೆಗೂ ಸ್ಲ್ಯಾಬು. ನಿಮ್ಮ ಹತ್ತಿರ ಮುಚ್ಚಿಡುವುದೇನು, ಆ ಎರಡು ತಿಂಗಳಲ್ಲಿ ನಾನು ಬಾಯಲ್ಲಿ ಹಾಕಿದ ಸ್ಲ್ಯಾಬುಗಳನ್ನೆಲ್ಲ ಕಾಂಕ್ರೀಟಿನಲ್ಲಿ ಹಾಕಿದ್ದರೆ ಪಣಜಿಯಲ್ಲಿ ಇನ್ನೊಂದು ಎತ್ತರದ ಕಟ್ಟಡ ಎದ್ದಿರುತ್ತಿತ್ತು. ಹೆಚ್ಚಿನ ಶನಿವಾರ ಐದು ಗಂಟೆಗೆ ನಾನು ಗೇಟಿನ ಹೊರಗಿನ ಗಾಡಿಯಲ್ಲಿ ಚಹಾ ಕುಡಿಯುತ್ತಾ, ಮಿರ್ಚಿ ಭಜಿ ತಿನ್ನುತ್ತಾ, ಇಂದಿನ ಅಪ್ಪಂದಿರ ಜವಾಬ್ದಾರಿಯ ಬಗ್ಗೆ ಯೋಚಿಸುತ್ತಿದ್ದೆ.

ಜಾಗ ಹೋಗಬಾರದಲ್ಲ, ಅದಕ್ಕೆ ಬದಲಿ ಹುಡುಕಿದೆ. ದೂರ ಹೋಗಬೇಕಾಗಲಿಲ್ಲ. ಪಕ್ಕದ ಖೋಲಿಯ ಯಮನಪ್ಪ, ನನ್ನ ಸೈಟಿನಲ್ಲೇ ಕಬ್ಬಿಣದ ಸರಳು ಬಗ್ಗಿಸಿ ಕಟ್ಟುವವನು, ಪಾದದ ಮೇಲೆ ಸರಳಿನ ಕಟ್ಟು ಬಿದ್ದು ಪಟ್ಟಿ ಸುತ್ತಿಕೊಂಡು ಮನೆಯಲ್ಲಿ ಕೂತಿದ್ದ. ಐವತ್ತರ ಹತ್ತಿರದ ಮನುಷ್ಯ, ಹಗ್ಗದ ಹಾಗೆ ತಿರುವಿದ ಮೀಸೆ. ಕೂತ ಆಳನ್ನು ನೋಡಿದರೆ ನನ್ನ ಕೈ ತುರಿಸುತ್ತದೆ.

"ಯಮನಪ್ಪ, ಒಂದ್ ಬದಲಿ ಕೆಲಸ ಐತಿ. ಶನಿವಾರ ಶನಿವಾರ ಐದಕ್ಕ" ಎಂದೆ.

"ಕಾಲ್ ಹಿಂಗೈತಲ್ರಿ ಸಾಹೇಬ್ರ. ಮ್ಯಾಲ ಹತ್ತಾಕ ಆಗೂದಿಲ್ಲ."

"ಹತ್ತೂದಿಲ್ಲ. ನಮ್ಮ ಮನ್ಯಾಗ ಕುಂತ ಮಾಡೂದು."

"ಯಾರ ಬದಲಿರಿ?"

"ನಂದು."

ಅವನು ಗಾಬರಿಯಾದ. "ನನಗ ಓದಾಕ ಬರಿಯಾಕ ಬರೂದಿಲ್ರಿ ಸಾಹೇಬ್ರ."

"ಬರಿಯೂದಲ್ಲೋ. ಚೈತೂನ ಕ್ಲಾಸಿನ್ಯಾಗ ಆಕಿ ಅಪ್ಪನ ಜಾಗಾದಾಗ ಕುಂದರೂದು. ನನ್ನ ಫೋನ್ ಮನ್ಯಾಗ ಇಟ್ಟ ಹೋಗತೇನಿ. ಅದರಾಗ ಟೀಚರ್ ಏನ್ ಮಾಡ್ತಾರ, ಹಂಗ ಮಾಡೂದು."

ಯಮನಪ್ಪ ಪಟ್ಟಿಯ ಕಾಲನ್ನು ನೋಡಿಕೊಂಡ. "ಎಷ್ಟೊತ್ತುರಿ, ಅಪ್ಪ ಆಗೂದು?"

"ಮುಕ್ಕಾಲು ತಾಸು."

"ಆತ್ರಿ. ಅಷ್ಟ ಆಗಬಹುದು" ಎಂದ. ಅವನಿಗೆ ಊರಲ್ಲಿ ಮೂವರು ಹೆಣ್ಣುಮಕ್ಕಳು. ದೀಪಾವಳಿಗೊಮ್ಮೆ, ಯುಗಾದಿಗೊಮ್ಮೆ ಅಪ್ಪನಾಗಿ ಬರುವವನಿಗೆ ವಾರಕ್ಕೆ ಮುಕ್ಕಾಲು ತಾಸು ಎಂದರೆ ಬಡ್ತಿ. ಅದನ್ನು ನಾನು ಆಗ ಯೋಚಿಸಲಿಲ್ಲ. ನನ್ನ ತಲೆಯಲ್ಲಿದ್ದದ್ದು ಹಾಜರಿ ತುಂಬುವುದೊಂದೇ.

ಆಳು ಇಟ್ಟ ಮೇಲೆ ಲೆಕ್ಕ ಕೇಳುವುದು ನನ್ನ ಧರ್ಮ. ಪ್ರತಿ ಶನಿವಾರ ಸಂಜೆ ಮನೆಗೆ ಬಂದವನೇ ಯಮನಪ್ಪನನ್ನು ಓಣಿಯಲ್ಲಿ ನಿಲ್ಲಿಸಿ, "ಇವತ್ತಿನ ಕೆಲಸ ಏನಾತು?" ಎಂದು ಕೇಳುತ್ತಿದ್ದೆ. ಅವನು ಸೈಟಿನಲ್ಲಿ ಹೇಳುವಂತೆಯೇ ಒಪ್ಪಿಸುತ್ತಿದ್ದ.

"ಆನಿ ಆದ್ವಿರಿ ಸಾಹೇಬ್ರ, ಒಂದ್ ಹತ್ತು ನಿಮಿಷ. ಆಮ್ಯಾಲ ಮಳಿ. ಡಬ್ಬ್ಯಾಗ ಕಡ್ಲಿ ಹಾಕಿ ಅಳ್ಳಾಡಿಸಿದ್ರ ಖರೇನ ಮಳಿ ಬಂದಂಗ ಆಕ್ಕತಿರಿ. ಕಡೀಕ ಎಲ್ಲಾರೂ ಮಕ್ಕೊಂಡ್ವಿ. ಟೀಚರ್ ಮಕ್ಕೋ ಅಂದ್ರು, ಮಕ್ಕೊಂಡ್ವಿ."

"ಹುಡುಗಿ ಹಾಡಿದ್ಲೇನು?"

"ಮೊದಲ ಡ್ರಮ್ಮಿನ ಹಿಂದ ಹೋಗಿ ಕುಂತ್ಲರಿ. ನಾನೂ ಹೋಗಿ ಅಲ್ಲೇ ಕುಂತ್ನಿ. ಇಬ್ಬರೂ ಸುಮ್ಮಕ ಕುಂತ್ವಿ. ಮುಂದ ತಾನ ಎದ್ದ ಬಂದ್ಲು."

"ಡ್ರಮ್ಮಿನ ಹಿಂದ ಕುಂತ್ರ ಹಾಜರಿ ಹೆಂಗ ಬೀಳತೈತೋ? ಕ್ಯಾಮೆರಾದಾಗ ಕಾಣಬೇಕು!" ಎಂದು ನಾನು ಗದರಿಸಿದೆ. ಅವನು "ಹೌದ್ರಿ" ಎಂದ. ಮುಂದಿನ ವಾರವೂ ಡ್ರಮ್ಮಿನ ಹಿಂದೆಯೇ ಕೂತ ಎಂದು ದ್ಯಾಮವ್ವ ಹೇಳಿದಳು. ಮೂರನೆಯ ವಾರದಿಂದ ಚೈತೂ ಐದು ಗಂಟೆಗೆ ಮುಂಚೆಯೇ ಪಕ್ಕದ ಖೋಲಿಯ ಬಾಗಿಲು ಬಡಿದು, "ಕಾಕಾ, ಹೊತ್ತಾತು" ಎಂದು ಕರೆಯತೊಡಗಿದಳಂತೆ. ಕೆಲಸ ಸರಿಯಾಗಿ ನಡೆಯುತ್ತಿದೆ ಎಂದು ನಾನು ನಿಶ್ಚಿಂತನಾದೆ. ಒಳ್ಳೆಯ ಮೇಲ್ವಿಚಾರಣೆಯ ಫಲ ಎಂದೂ ಅನಿಸಿತು.

ಏಳನೆಯ ಪಾಠ ಮುಗಿದ ಮರುದಿನ, ಭಾನುವಾರ, ಸುಮಂಗಲಾ ಅನ್ನ ಬಡಿಸುವುದನ್ನು ಬಿಟ್ಟು ನನ್ನ ಮುಖವನ್ನೇ ನೋಡತೊಡಗಿದಳು. ಮದುವೆಯಾದ ಹೊಸತರಲ್ಲೂ ಅಷ್ಟು ಹೊತ್ತು ನೋಡಿರಲಿಲ್ಲ.

"ಮೀಸಿ ಯಾವಾಗ ಬಿಟ್ರಿ?" ಎಂದಳು.

"ನಂಗೆಲ್ಲೈತಿ ಮೀಸಿ?"

ಅವಳು ಫೋನು ಮುಂದೆ ಹಿಡಿದಳು. ಲವೀನಾ ಟೀಚರು ಪಾಠದ ಒಂದು ತುಣುಕು ಕತ್ತರಿಸಿ ಪೋಷಕರ ಗುಂಪಿನಲ್ಲಿ ಹಾಕಿದ್ದರು. ಆ ಗುಂಪಿನಲ್ಲಿ ಇನ್ನೂ ಇದ್ದ ಮ್ಯಾಡಮ್ಮು ಅದನ್ನು ಇವಳಿಗೆ ಕಳಿಸಿದ್ದರು. ಕೆಳಗೆ ಟೀಚರ ಮಾತು: ಚೈತ್ರಾಳ ಪಪ್ಪಾನನ್ನು ನೋಡಿ ಕಲಿಯಿರಿ, ಮಗುವಿನ ಜೊತೆ ಇರುವುದು ಎಂದರೆ ಇದು. ಅದಕ್ಕೆ ಸಮುದ್ರದ ಮನೆ, ಪಿಯಾನೊದ ಮನೆ, ಗಿಡದ ಮನೆ ಎಲ್ಲರೂ ಚಪ್ಪಾಳೆ ತಟ್ಟಿದ್ದರು. ತುಣುಕಿನಲ್ಲಿ ಯಮನಪ್ಪ ತಲೆಗೆ ನನ್ನ ಟವೆಲ್ ಸುತ್ತಿಕೊಂಡು, ಮಂಡಿಯೂರಿ, ಒಂದು ಕೈಯನ್ನು ಸೊಂಡಿಲು ಮಾಡಿ ಘೀಳಿಡುತ್ತಿದ್ದ. ಪಟ್ಟಿ ಕಟ್ಟಿದ ಕಾಲು ಹಿಂದೆ ಬಾಲದಂತೆ ಚಾಚಿಕೊಂಡಿತ್ತು. ಬೆನ್ನ ಮೇಲೆ ಚೈತೂ.

"ಮ್ಯಾಡಮ್ ಅಂದ್ರು, ನಿನ್ನ ಗಂಡ ಎಷ್ಟ್ ಚಲೋ ಮನಶಾ ಅಂತ. ನಾ ಏನ್ ಹೇಳಲಿ? ಹೌದ್ರಿ ಅಂದೆ" ಎಂದಳು ಸುಮಂಗಲಾ. "ಇನ್ನೊಂದ್ ಕೇಳ್ರಿ. ಮೊದಲ್ನೇ ವಾರ ಬಂದಿದ್ದ ಆ ಸಿಟ್ಟಿನ ಅಂಕಲ್ ಯಾರು ಅಂತ ಟೀಚರ್ ಕೇಳಿದ್ರಂತ. ಆರು ಶನಿವಾರ ಆರು ಸ್ಲ್ಯಾಬ್ ಹಾಕಿದ್ರಲ್ಲ, ಆ ಬಿಲ್ಡಿಂಗ್ ನನಗೂ ಒಮ್ಮಿ ತೋರಸ್ರಿ."

ನಾನು ತುಣುಕನ್ನು ಇನ್ನೊಮ್ಮೆ ನೋಡುತ್ತಿದ್ದೆ. ಚೈತೂ ನಗುತ್ತಿದ್ದಳು. ನಗುತ್ತಾ ಹಾಡುತ್ತಿದ್ದಳು, ಟೀಚರ ಹಾಡಿನ ನಡುವೆ ಪೊದೇರನ ಪೋಂ ಪೋಂ ಸೇರಿಸಿ, ಉಸಿರು ಸಿಗದೆ ಯಮನಪ್ಪನ ಕೊರಳಿಗೆ ಆತು ಬೀಳುತ್ತಿದ್ದಳು. ನಮ್ಮ ಖೋಲಿ, ನಮ್ಮ ಡ್ರಮ್ಮು, ನನ್ನ ಟವೆಲ್ಲು, ನನ್ನ ಮಗಳು. ಅಂಥದೊಂದು ನಗು ನಮ್ಮ ಮನೆಯಲ್ಲಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಹೊಟ್ಟೆಕಿಚ್ಚು ಎಂದರೆ ಪೂರ್ತಿ ನಿಜವಲ್ಲ. ನೋವಾಯಿತು, ಚೆನ್ನಾಗಿಯೇ ನೋವಾಯಿತು. ಅನ್ನ ಸೇರಲಿಲ್ಲ.

ನೋವಾದಾಗಲೂ ನನ್ನಂಥವನಿಗೆ ಹೊಳೆಯುವುದು ಕೆಲಸದ ಯೋಜನೆಯೇ. ಉಳಿದದ್ದು ಒಂದೇ ಪಾಠ. ಅದು ಕಡೆಯ ದಿನದ ಕಾರ್ಯಕ್ರಮ. ಪ್ರತಿ ಕುಟುಂಬವೂ ಎಲ್ಲರೆದುರು ಹಾಡಬೇಕು. ಅಲ್ಲಿ ನಾನೇ ಕೂರುವುದೆಂದು ನಿಶ್ಚಯಿಸಿದೆ. ಸೋಮವಾರದಿಂದ ತಾಲೀಮು. ಟವೆಲ್ ಸುತ್ತಿಕೊಂಡು ಮಂಡಿಯೂರಿ, "ಹತ್ತು ಬೆನ್ನ ಮ್ಯಾಲ. ಲಗೂ ಹತ್ತು" ಎಂದು ಅಪ್ಪಣೆ ಮಾಡಿದೆ. ಚೈತೂ ದೂರದಿಂದಲೇ ಒಂದು ಸುತ್ತು ಬಂದು ನನ್ನನ್ನು ನೋಡಿದಳು.

"ನೀ ಬ್ಯಾಡ ಪಪ್ಪಾ. ನಿಂಗ ಬರೂದಿಲ್ಲ."

"ಬರತೈತಿ. ಆನಿ ಆಗೂದೇನ್ ದೊಡ್ಡ ಕೆಲಸ?"

"ಕಾಕಾ ಬರಲಿ" ಎಂದು ಹೇಳಿ ಪಕ್ಕದ ಖೋಲಿಗೆ ಹೋದಳು. ಮಂಗಳವಾರವೂ ಅದೇ, ಬುಧವಾರವೂ ಅದೇ. ಗುರುವಾರ ಹೊತ್ತಿಗೆ ಮಂಡಿ ನೋಯಲು ಶುರುವಾಗಿ ತಾಲೀಮು ತಾನಾಗಿ ನಿಂತಿತು. ಅವಳು ಅತ್ತಿದ್ದರೆ, ಹಟ ಮಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಆಳನ್ನು ಬೇಡ ಎಂದು ಹೇಳುವಷ್ಟು ಸಲೀಸಾಗಿ ಹೇಳಿದ್ದಳು.

ಆ ಶನಿವಾರ ಏನಾಯಿತೆಂದರೆ, ಖರೇ ಸ್ಲ್ಯಾಬು ಬಂತು. ಇಂಜಿನಿಯರು ತಪ್ಪಿಸುವಂತಿಲ್ಲ ಎಂದರು. ಯಮನಪ್ಪನ ಕಾಲು ವಾಸಿಯಾಗಿ ಆ ವಾರವೇ ಕೆಲಸಕ್ಕೆ ಮರಳಿದ್ದ. ನಾನು ಅವನನ್ನು ಪಕ್ಕಕ್ಕೆ ಕರೆದು, ನನ್ನ ಬಿಳಿಯ ಹೆಲ್ಮೆಟ್ ಅವನ ತಲೆಯ ಮೇಲೆ ಇಟ್ಟೆ. "ಎರಡು ತಾಸು ನನ್ನ ಬದಲಿ ನಿಂದರು. ನಾ ಮನಿಗೆ ಹೋಗಿ ಬರತೇನಿ" ಎಂದೆ.

"ಹುಡುಗಿ ಹಾಡೂ ದಿನಾ ಏನ್ರಿ ಇವತ್ತ?" ಎಂದ. ಅವನ ಮುಖ ಒಂದು ಗಳಿಗೆ ಚಿಕ್ಕದಾಯಿತು. "ಹೋಗ್ರಿ ಸಾಹೇಬ್ರ. ಸೊಂಡಿ ಎಡಗೈಲೆ ಮಾಡ್ರಿ, ಬಲಗೈ ಆದ್ರ ಆಕಿ ಜಾರತಾಳ." ಇಷ್ಟು ಹೇಳಿ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡು ಮಿಕ್ಸರಿನ ಕಡೆ ಹೋದ.

ಐದಕ್ಕೆ ಸರಿಯಾಗಿ ಫೋನಿನ ಮುಂದೆ ನಾನು, ಎರಡು ತಾಸು ರಜೆ ಹಾಕಿ ಬಂದ ಸುಮಂಗಲಾ, ನಡುವೆ ಮುಖ ಊದಿಸಿಕೊಂಡ ಚೈತೂ. ಓಣಿಯ ಮಂಚದ ಮೇಲೆ ಅಂದು ಕಾಲಿಡಲು ಜಾಗವಿರಲಿಲ್ಲ. ಟೀಚರು ನಮ್ಮನ್ನು ನೋಡಿ, ಚೈತ್ರಾ, ಪಪ್ಪಾ ಎಲ್ಲಿ ಎಂದು ಹಿಂದಿಯಲ್ಲಿ ಕೇಳಿದರು. ಉಳಿದ ಹನ್ನೆರಡು ಮನೆಗಳೂ ಮುಂದಕ್ಕೆ ಬಾಗಿ ಮೀಸೆಯನ್ನು ಹುಡುಕಿದವು. ಚೈತೂ ಅಚ್ಚ ಕನ್ನಡದಲ್ಲಿ ಫೋನಿಗೆ ಹೇಳಿದಳು:

"ಯಮನಪ್ಪ ಕಾಕಾ ಇವತ್ತ ಬಂದಿಲ್ಲ. ಅವನ ಬದಲಿ ನಮ್ಮ ಪಪ್ಪಾ ಬಂದಾನ."

ಸುಮಂಗಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಟೀಚರಿಗೆ ಕನ್ನಡ ಬಾರದು. ಮಗು ಏನು ಹೇಳಿತು ಎಂದು ನನ್ನನ್ನೇ ಕೇಳಿದರು. ಹನ್ನೆರಡು ವರ್ಷ ಬೇರೆಯವರ ಬದಲಿ ಆಳುಗಳನ್ನು ಗೇಟಿನಲ್ಲಿ ಹಿಡಿದು, "ಖರೇ ಹೇಳು, ನೀ ಯಾರು?" ಎಂದು ಗದರಿಸಿದವನು ನಾನು. ಮಗಳ ಮಾತನ್ನು ಇದ್ದಂತೆ ಹಿಂದಿಗೆ ಇಳಿಸಿದ್ದರೆ ಸಾಕಿತ್ತು. ಆದರೆ ಹದಿಮೂರು ಮನೆಗಳ ಮುಂದೆ, ನೀವು ಹೊಗಳಿದ ಅಪ್ಪ ಕೂಲಿಯವನು, ಖರೇ ಅಪ್ಪ ಅಷ್ಟು ಹೊತ್ತು ಭಜಿ ತಿನ್ನುತ್ತಿದ್ದ ಎಂದು ಹೇಳಲು ನಾಲಿಗೆ ಏಳಲಿಲ್ಲ. "ಅವಳ ಪಪ್ಪಾಗೆ ಇವತ್ತು ಸ್ಲ್ಯಾಬು ಇದೆ. ನಾನು ಬದಲಿ" ಎಂದೆ.

"ಓ, ಅದೇ ಅಂಕಲ್! ಮೊದಲನೆಯ ವಾರ ಬಂದಿದ್ದವರು!" ಎಂದರು ಟೀಚರು, ತುಂಬಾ ಪ್ರೀತಿಯಿಂದ. "ಪರವಾಗಿಲ್ಲ ಅಂಕಲ್. ನೀವು ಏನೂ ಚಿಂತೆ ಮಾಡಬೇಡಿ. ಚೈತ್ರಾಗೆ ಎಲ್ಲ ಗೊತ್ತಿದೆ, ಅವಳು ಹೇಳಿದಷ್ಟು ಮಾಡಿ ಸಾಕು."

ಬದಲಿಯಾಗುವುದರಲ್ಲಿ ಇಷ್ಟು ಹಗುರ ಇದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಅಪ್ಪನಾಗಿ ಕೂತರೆ ಮಗು ಹಾಡಬೇಕು, ತಾಳ ತಪ್ಪಬಾರದು, ನೆಟ್ಟಗೆ ಕೂರಬೇಕು, ಓಣಿ ನಗಬಾರದು. ಬದಲಿಗೆ ಆ ಯಾವ ಹೊರೆಯೂ ಇಲ್ಲ. ಅವನು ಹೇಳಿದಷ್ಟು ಮಾಡಿ ಮನೆಗೆ ಹೋಗುವವನು. ನಾನು ಟವೆಲ್ ಸುತ್ತಿಕೊಂಡು ಮಂಡಿಯೂರಿದೆ, ಬಾಯಿ ಮುಚ್ಚಿಕೊಂಡು ಮೇಲಧಿಕಾರಿಯ ಅಪ್ಪಣೆಗೆ ಕಾದೆ. ಚೈತೂ ಅನುಮಾನದಿಂದ ಬೆನ್ನಿನ ಮೇಲೆ ಒಂದು ಕಾಲು ಹಾಕಿದಳು. ನಾನು ಬೆನ್ನು ಇನ್ನಷ್ಟು ತಗ್ಗಿಸಿದೆ. ಇನ್ನೊಂದು ಕಾಲನ್ನೂ ಹಾಕಿದಳು.

"ಸೊಂಡಿ ಎತ್ತು" ಎಂದಳು. ಎಡಗೈ ಎತ್ತಿದೆ. "ಇನ್ನಾ ಮ್ಯಾಲ." ಎತ್ತಿದೆ. "ಈಗ ಕೂಗು." ಕೂಗಿದೆ. ನಾಚಿಕೆ ಎಲ್ಲಿ ಹೋಗಿತ್ತೋ, ಓಣಿಯ ನಾಯಿ ಎದ್ದು ನಿಲ್ಲುವಂತೆ ಘೀಳಿಟ್ಟೆ. ಮಂಚ ನಕ್ಕಿತು, ನಗಲಿ. ಬೆನ್ನ ಮೇಲೆ ಮೊದಲು ಒಂದು ಸಣ್ಣ ಕಿಸಕ್ಕು, ಆಮೇಲೆ ಹಾಡು. ಟೀಚರ ಆನೆಯ ಹಾಡು, ಮೀನಿನವಳ ಕೂಗು, ಪೋಂ ಪೋಂ, ಅವ್ವನ ರೊಟ್ಟಿಯ ಗುನುಗು, ಎಲ್ಲವೂ ಒಟ್ಟಿಗೆ, ನನ್ನ ಕಿವಿಯ ಹತ್ತಿರದಲ್ಲೇ. ತಾಳ ಎಲ್ಲಿತ್ತೋ ಏನೋ, ತಿದ್ದಲು ನಾನು ಯಾರು? ಅವಳ ನಗು ನನ್ನ ಬೆನ್ನಿನ ಎಲುಬಿಗೆ ತಾಗುತ್ತಿತ್ತು. ಕಣ್ಣಲ್ಲಿ ನೀರು ಬಂತು. ಮಂಡಿನೋವಿನಿಂದ ಎಂದು ಸುಮಂಗಲಾಗೆ ಹೇಳಿದ್ದೇನೆ.

ಟೀಚರು ಚಪ್ಪಾಳೆ ತಟ್ಟಿ, "ಚೆನ್ನಾಗಿತ್ತು ಅಂಕಲ್. ಪಪ್ಪಾನಷ್ಟು ಬರಲಿಲ್ಲ, ಆದರೂ ಚೆನ್ನಾಗಿತ್ತು. ಪಪ್ಪಾಗೆ ನನ್ನ ನಮಸ್ಕಾರ ಹೇಳಿ" ಎಂದರು. ಹೇಳುತ್ತೇನೆ ಎಂದೆ. ಸೈಟಿಗೆ ಓಡಿದರೆ ಸ್ಲ್ಯಾಬು ಅರ್ಧ ತಾಸು ಮೊದಲೇ ಮುಗಿದಿತ್ತು. ಎಂದಿನ ಕೂಗಾಟವಿಲ್ಲ, ಜಗಳವಿಲ್ಲ, ಆಳುಗಳು ನಗುತ್ತಾ ಕೈಕಾಲು ತೊಳೆಯುತ್ತಿದ್ದರು. ಇಂಜಿನಿಯರು ಯಮನಪ್ಪನ ಬೆನ್ನು ತಟ್ಟುತ್ತಿದ್ದರು. ನಾನು ಟೀಚರ ನಮಸ್ಕಾರವನ್ನು ಯಮನಪ್ಪನಿಗೆ ಮುಟ್ಟಿಸಿ, ನನ್ನ ಹೆಲ್ಮೆಟ್ ವಾಪಸು ಇಸಿದುಕೊಂಡು ಮನೆಗೆ ಬಂದೆ.

ಆ ಸಂಜೆ ಚೈತೂನ ಹತ್ತಿರ ಕೂತು, ಆದಷ್ಟು ಸಹಜವಾಗಿ ಕೇಳಿದೆ: "ಇನ್ನ ಮ್ಯಾಲ ಆಟಕ್ಕ ಯಾರ್ ಬರೂದು? ನಾನೋ, ಕಾಕಾನೋ?" ತರಗತಿ ಮುಗಿಯಿತು ಎಂಬುದನ್ನು ಅವಳು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ನನ್ನನ್ನು ತಲೆಯಿಂದ ಕಾಲಿನವರೆಗೆ, ಮಂಡಿಯ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ನೋಡಿದಳು.

"ನಾಳಿ ಬಾ, ನೋಡೂಣು" ಎಂದಳು.

ದಿನಾ ಬೆಳಿಗ್ಗೆ ಕೆಲಸ ಕೇಳಿಕೊಂಡು ನಮ್ಮ ಬಾಗಿಲಿಗೆ ಬರುವವರಿಗೆ ನಾನು ಹೇಳುವ ಮಾತು ಇದು, ಇದೇ ದನಿ. ಅವರಲ್ಲಿ ಎಷ್ಟು ಜನ ಮರುದಿನ ಬರುತ್ತಾರೆ, ಬಂದು ಎಷ್ಟು ಹೊತ್ತು ನಿಲ್ಲುತ್ತಾರೆ ಎಂದು ನಾನು ತಿರುಗಿ ನೋಡಿದವನಲ್ಲ. ನಾನು ಮಾತ್ರ ಭಾನುವಾರ ಐದಕ್ಕೆ ಮೊದಲೇ ಟವೆಲ್ ಹೆಗಲಿಗೆ ಹಾಕಿಕೊಂಡು ಓಣಿಗೆ ಹೋಗಿ ನಿಂತೆ. ಯಮನಪ್ಪ ಆಗಲೇ ಬಂದು ಮಂಡಿಯೂರಿದ್ದ. ಚೈತೂ ಅವನ ಬೆನ್ನಿನ ಮೇಲಿಂದಲೇ ನನ್ನನ್ನು ನೋಡಿ, ಸ್ವಲ್ಪ ಯೋಚಿಸಿ, ಕೆಲಸ ಕೊಟ್ಟಳು.

"ಆನಿ ಕಾಕಾಂದು. ನೀ ವಟಗುಟ್ಟೂ ಕಪ್ಪಿ ಆಗು."